ಮೂರು ಭಾನುವಾರದ ಕೂಗು

ಏಪ್ರಿಲ್ 29, 1813. ಗುರುವಾರ

ಭಾನುವಾರದ ಪ್ರವಚನ ಅರ್ಧ ಆಯಿತು. ನಾನು ಓದುವುದು, ಅಪ್ಪ ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಒಪ್ಪಿಸುವುದು. ಮೂರು ಸಲ ಓದಿದರೆ ಇಡೀ ಪುಟ ಬಾಯಿಪಾಠ. ಕಣ್ಣು ಕಿತ್ತುಕೊಂಡದ್ದಕ್ಕೆ ದೇವರು ಈ ನೆನಪಿನ ಶಕ್ತಿ ಕೊಟ್ಟ ಎನ್ನುತ್ತಾರೆ ಅಪ್ಪ. ಪಾದ್ರಿಯಲ್ಲವೇ, ಅನ್ನಲೇಬೇಕು. ನನಗೆ ದೇವರ ಮೇಲೆ ಇನ್ನೂ ಸಿಟ್ಟಿದೆ.

ಈಗ ಕಿಟಕಿಯ ಬೆಳಕು ಮಾತ್ರ ಕಾಣುತ್ತದಂತೆ. ಮುಖಗಳಿಲ್ಲ. ಇದು ಗೊತ್ತಿರುವುದು ನಾಲ್ಕೇ ಜನಕ್ಕೆ — ಅಪ್ಪ, ನಾನು, ಅಡುಗೆಯ ಮಿಸೆಸ್ ಟಕ್, ಪಕ್ಕದ ತೋಟದ ಆಂಬ್ರೋಸ್. ಚರ್ಚಿನಲ್ಲಿ ಪುಸ್ತಕ ಬಿಡಿಸಿಟ್ಟು ಓದುವ ಹಾಗೆ ನಟಿಸುತ್ತಾರೆ. ಆಡಳಿತ ನೋಡಿಕೊಳ್ಳುವ ಗ್ರಿಗ್‌ಗೆ ಅನುಮಾನ ಬಂದಿರಬಹುದು. ಕಳೆದ ವಾರ ಅವನ ಹೆಂಡತಿಯನ್ನು ಅಪ್ಪ, "ಏನಪ್ಪಾ ಥಾಮಸ್, ಮಂಡಿನೋವು ಹೇಗಿದೆ?" ಎಂದು ಕೇಳಿದರು.

ಮುಂದಿನ ತಿಂಗಳು ಹದಿನೈದಕ್ಕೆ ಬಿಷಪ್ಪರ ಕಡೆಯಿಂದ ಆರ್ಚ್‌ಡೀಕನ್ ತಪಾಸಣೆಗೆ ಬರುತ್ತಾರೆ. ಕುರುಡು ಪಾದ್ರಿ ಎಂದು ತಿಳಿದರೆ ಮನೆ ಬಿಡಿಸುತ್ತಾರೆ. ಇದು ಚರ್ಚಿನ ಮನೆ. ನಮ್ಮದು ಅಂತ ಇರುವುದು ಒಂದು ಬೆಕ್ಕು, ಎರಡು ಪೆಟ್ಟಿಗೆ ಪುಸ್ತಕ.

ಬ್ರಿಸ್ಟಲ್‌ನ ಮಿಸ್ಟರ್ ಪಾಲ್ಗ್ರೇವ್ ನನ್ನನ್ನು ಮದುವೆಗೆ ಕೇಳಿ ಬರೆದ ಕಾಗದಕ್ಕೆ ನಾನಿನ್ನೂ ಉತ್ತರ ಬರೆದಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷ, ನಾಲ್ಕು ಮಕ್ಕಳು, ವಯಸ್ಸು ನಲವತ್ತಮೂರು. ಒಳ್ಳೆಯವರು. 'ನಿಮ್ಮ ತಂದೆಯವರಿಗೆ ಮೆಟ್ಟಿಲು ಹತ್ತುವ ತೊಂದರೆ ಇಲ್ಲದಂತೆ ಕೆಳಗಿನ ಕೋಣೆ ಕೊಡುತ್ತೇನೆ' ಎಂದು ಬರೆದಿದ್ದಾರೆ. ಆ ಒಂದು ಸಾಲಿಗೇ ಒಪ್ಪಿಬಿಡಬಹುದು. ತಿಂಗಳ ಗಡುವು ಕೊಟ್ಟಿದ್ದಾರೆ... ಒಪ್ಪುತ್ತೇನೆ. ನನಗೂ ಇಪ್ಪತ್ತಾರಾಯಿತು.

ಏಪ್ರಿಲ್ 30, ಶುಕ್ರವಾರ

ಆಂಬ್ರೋಸ್ ಬಂದಿದ್ದ. ಕೆಸರು ಬೂಟಿನಲ್ಲೇ ಅಡುಗೆಮನೆಗೆ. ಅವನ ಸೇಬಿನ ತೋಟ ನಮ್ಮ ಬೇಲಿಗೆ ಅಂಟಿಕೊಂಡೇ ಇರುವುದರಿಂದ ಮುಂಬಾಗಿಲು ಎಂಬುದೊಂದು ಇದೆ ಎನ್ನುವುದೇ ಅವನಿಗೆ ಮರೆತಿದೆ. ನನಗೆ ಆರು, ಅವನಿಗೆ ಎಂಟು ವರ್ಷ ಇದ್ದಾಗಿನಿಂದಲೂ ಹೀಗೇ.

ಪಾಲ್ಗ್ರೇವ್ ವಿಷಯ ಹೇಳಿದೆ.

"ನಾಲ್ಕು ಮಕ್ಕಳಾ?"

"ಹೌದು."

"ನಾಲ್ಕೂ ಅವರದೇನಾ?"

"ಮತ್ತೆ ಇನ್ಯಾರದು, ಬಾಡಿಗೆಗೆ ತಂದಿದಾರಾ?"

"ನಿಂಗೆ ಮಕ್ಕಳಂದ್ರೆ ಆಗಲ್ಲ ಕಣೇ. ಚರ್ಚಲ್ಲಿ ಮಗು ಅತ್ತರೆ ನೀನು ನೋಡೋ ನೋಟಕ್ಕೆ ಅದು ಅಳೋದು ನಿಲ್ಸುತ್ತೆ. ಅದರ ತಾಯಿ ಶುರು ಮಾಡ್ತಾಳೆ."

"ಹಂಗಾದ್ರೆ ಒಳ್ಳೇ ಮಲತಾಯಿ ಆಗ್ತೀನಿ ಬಿಡು."

ನಗಲಿಲ್ಲ. ಎಂಥ ಕೆಟ್ಟ ಜೋಕಿಗೂ ನಗುವ ಪ್ರಾಣಿ. ಚಹಾ ಹಾಗೇ ಬಿಟ್ಟು ಎದ್ದ. ನಾಯಿ ಕಾಯ್ತಿದೆ ಎಂದ. ನಾಯಿಯನ್ನು ಕರೆದುಕೊಂಡೇ ಬಂದಿರಲಿಲ್ಲ.

ಮೇ 2, ಭಾನುವಾರ. ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬಡಗಿ ಜೋಸೆಫ್ ಬೆಲ್‌ಗೂ ಚಮ್ಮಾರನ ಮಗಳು ಸೂಸನ್ ಪೈಕ್‌ಗೂ ಮದುವೆ ಗೊತ್ತಾಗಿದೆ. ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಕೂಗಬೇಕು, ಆಕ್ಷೇಪಣೆ ಇದ್ದವರು ಎದ್ದು ಹೇಳಬೇಕು. ಇವತ್ತು ಮೊದಲ ಕೂಗು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಪ್ಪನಿಗೆ ಆ ಎರಡು ಹೆಸರು ಹೇಳಿದ್ದೆ. ಒಂದೇ ಸಲ. ಆಮೇಲೆ ಮುಕ್ಕಾಲು ಗಂಟೆ ಆಂಬ್ರೋಸ್‌ನನ್ನು ಬೈದೆ. ಆಂಬ್ರೋಸ್‌ಗೆ ಮರ್ಯಾದೆ ಇಲ್ಲ, ಆಂಬ್ರೋಸ್ ಚಹಾ ಬಿಟ್ಟು ಹೋದ, ಆಂಬ್ರೋಸ್ ಥೋರ್ಲಿ ತನ್ನನ್ನು ಏನಂದುಕೊಂಡಿದ್ದಾನೆ... ಅಪ್ಪ ಮೊಟ್ಟೆ ತಿನ್ನುತ್ತ ಹೂಂ, ಹೂಂ ಎನ್ನುತ್ತಿದ್ದರು.

ಚರ್ಚು ತುಂಬಿತ್ತು. ಅಪ್ಪ ಪುಸ್ತಕ ಬಿಡಿಸಿದರು. ಗಂಟಲು ಸರಿಮಾಡಿಕೊಂಡರು. ಗಟ್ಟಿಯಾಗಿ, ಇಡೀ ಊರಿಗೆ ಕೇಳುವ ಹಾಗೆ —

"ಈ ಊರಿನ ಅವಿವಾಹಿತ ಆಂಬ್ರೋಸ್ ಥೋರ್ಲಿ ಮತ್ತು ಇದೇ ಊರಿನ ಅವಿವಾಹಿತೆ ಟ್ಯಾಬಿತಾ ಫೆನ್, ಇವರ ವಿವಾಹಕ್ಕೆ ನಿಮ್ಮಲ್ಲಿ ಯಾರಿಗಾದರೂ ನ್ಯಾಯವಾದ ಆಕ್ಷೇಪಣೆ ಇದ್ದಲ್ಲಿ ತಿಳಿಸತಕ್ಕದ್ದು. ಇದು ಮೊದಲನೆಯ ಕೂಗು."

ಟ್ಯಾಬಿತಾ ಫೆನ್ ಅಂದರೆ ನಾನು.

ಅಪ್ಪ ಕೂಗು ಮುಗಿಸುವ ಮೊದಲೇ ಹಿಂದಿನ ಬೆಂಚಿನಲ್ಲಿ ಸೂಸನ್‌ಳ ಬಿಕ್ಕು ಒಂದು ಕೇಳಿಸಿತು, ತಟ್ಟನೆ ನಿಂತಿತು. ನಾನು ಎದ್ದು 'ಅಲ್ಲ' ಎನ್ನಬೇಕಿತ್ತು. ಎದ್ದೆನೇ? ಇಲ್ಲ. ಗ್ರಿಗ್ ಅಪ್ಪನನ್ನೇ ದಿಟ್ಟಿಸುತ್ತಿದ್ದ. ತಪ್ಪು ಎಂದು ನಾನು ಒಂದು ಮಾತು ಆಡಿದರೆ, ಎದುರಿಗಿರುವ ಪುಸ್ತಕ ನೋಡಿಕೊಂಡೂ ಹೇಗೆ ತಪ್ಪಿತು ಎಂದು ಕೇಳುತ್ತಾನೆ. ಅದಕ್ಕೇ ಸುಮ್ಮನೆ ಕುಳಿತೆ.

ಅಪ್ಪನಿಗೆ ಗೊತ್ತೇ ಆಗಿರಲಿಲ್ಲ! ಮನೆಗೆ ಬಂದು, "ಇವತ್ತೇನು ಎಲ್ಲರೂ ಬಂದು ನನ್ನ ಕೈ ಕುಲುಕ್ತಾ ಇದ್ರು? ಪ್ರವಚನ ಅಷ್ಟು ಚೆನ್ನಾಗಿತ್ತಾ?" ಎಂದು ಕೇಳಿದರು.

ಹೇಳಿದೆ. ಕುರ್ಚಿ ತಡಕಿ ಕುಳಿತುಬಿಟ್ಟರು.

ಅದೇ ದಿನ, ಸಂಜೆ

ಆಂಬ್ರೋಸ್ ಬಂದ. ಮುಂಬಾಗಿಲಿಂದ. ಬೂಟು ಒರೆಸಿಕೊಂಡು. ಮಿಸೆಸ್ ಟಕ್ ಬಾಗಿಲು ತೆರೆದು ಗುರುತೇ ಸಿಗಲಿಲ್ಲ ಎಂದಳು.

ಅಪ್ಪ ಕೈಮುಗಿಯುವುದೊಂದು ಬಾಕಿ. "ಕ್ಷಮಿಸಪ್ಪ. ಮುಂದಿನ ಭಾನುವಾರ ನಾನೇ ಎದ್ದು ನಿಜ ಹೇಳಿಬಿಡ್ತೀನಿ."

"ಬೇಡಿ ಸ್ವಾಮಿ. ಗ್ರಿಗ್ ಅದನ್ನೇ ಕಾಯ್ತಿದಾನೆ. ತಪಾಸಣೆ ಮುಗೀಲಿ, ಹದಿನಾರನೇ ತಾರೀಖಿನವರೆಗೆ ಈ ಕೂಗು ಹಂಗೇ ನಡೀಲಿ. ಜೋಸೆಫ್-ಸೂಸನ್‌ಗೆ ನಾನು ಸಮಾಧಾನ ಹೇಳಿದೀನಿ. ಒಂದು ವಾರ ತಡ ಅಷ್ಟೇ."

ನನ್ನ ಕಡೆ ತಿರುಗಿದ. "ಅಲ್ಲಿವರೆಗೆ ನಿನ್ನ ಗಂಡ ಆಗೋನು ನಾನು. ಆಮೇಲೆ ಜಗಳ ಆಡಿ ಬಿಟ್ಟರಾಯ್ತು."

"ಜಗಳಕ್ಕೆ ಕಾರಣ?"

"ನಿನ್ನ ನಾಲಗೆ. ಊರಿಗೇ ಗೊತ್ತು, ಸಾಕ್ಷಿ ಬೇಕಾಗಲ್ಲ."

ದಿಂಬು ಎಸೆದೆ. ಹಿಡಿದುಕೊಂಡ. ಎರಡು ದಿನದ ಮೇಲೆ ನಕ್ಕ. ಎದೆ ಹಗುರಾಯಿತು — ಅಪ್ಪನ ವಿಷಯಕ್ಕೆ.

ಮೇ 4, ಮಂಗಳವಾರ

ಊರಿಗೆ ಆಶ್ಚರ್ಯವೇ ಆಗಿಲ್ಲ. ಇದು ನನಗೆ ಅವಮಾನ. ಅಂಗಡಿಯವಳು, "ಕೊನೆಗೂ!" ಎಂದಳು. ಅಂಚೆಯವನು, "ನಾವು ಹತ್ತು ವರ್ಷದ ಹಿಂದೇನೇ ಅಂದ್ಕೊಂಡಿದ್ವಿ ಮಿಸ್" ಎಂದ. ಮಿಸೆಸ್ ಟಕ್‌ಗೆ ನಿಜ ಗೊತ್ತಿದ್ದೂ ಮೇಜುಬಟ್ಟೆಗೆ ಅಂಚು ಹೊಲಿಯುತ್ತ ಕುಳಿತಿದ್ದಾಳೆ.

"ಇದ್ಯಾಕೆ?" ಎಂದೆ.

"ಸುಮ್ನೆ ಅಮ್ಮಣ್ಣಿ. ನಾಟಕ ಅಂದ್ರೆ ಚೆಂದಾಗಿ ಆಡ್ಬೇಕಲ್ವಾ? ಮೂಲೇಲಿ ಎ, ಟಿ ಅಂತ ಅಕ್ಷರಾನೂ ಹಾಕ್ತೀನಿ."

ಮೇ 9, ಭಾನುವಾರ

ಎರಡನೆಯ ಕೂಗು. ಸೂಸನ್ ಮತ್ತು ಜೋಸೆಫ್‌ಗೆ ಮೊದಲನೆಯದು. ಈ ಸಲ ಅಪ್ಪನ ದನಿ ಸಣ್ಣದಾಗಿತ್ತು.

ನಮ್ಮ ಹೆಸರು ಒಟ್ಟಿಗೆ ಬಂದಾಗ ಈ ಸಲ ಕಿವಿಗೊಟ್ಟು ಕೇಳಿದೆ. ವಿಚಿತ್ರ ಏನೂ ಅನಿಸಲಿಲ್ಲ. ಅದೇ ವಿಚಿತ್ರ.

ಅಪ್ಪ ಊಟ ಮಾಡಲಿಲ್ಲ. ಕುರಿಮಾಂಸ ಎಂದರೆ ಪ್ರಾಣ, ತಟ್ಟೆ ಸರಿಸಿಬಿಟ್ಟರು. "ಗೊತ್ತಿಲ್ದೆ ತಪ್ಪಿದ್ದು ಬೇರೆ ಟ್ಯಾಬಿ. ಇವತ್ತು ಗೊತ್ತಿದ್ದೂ ಗೊತ್ತಿದ್ದೂ ದೇವರ ಮನೇಲಿ ಸುಳ್ಳು ಹೇಳಿದೆ" ಎಂದರು.

ಮೇ 14, ಶುಕ್ರವಾರ. ಬೆಳಿಗ್ಗೆ

ನಿನ್ನೆ ಪೇಟೆಯಲ್ಲಿ ನೃತ್ಯಕೂಟ. ಮದುವೆ ಗೊತ್ತಾದವರು ಹೋಗದಿದ್ದರೆ ಮಾತಾಗುತ್ತದೆ ಎಂದು ಹೋದೆವು. ಹಳದಿ ಮಸ್ಲಿನ್ ಗೌನು ತೊಟ್ಟಿದ್ದೆ, ಹಳೆಯದೇ, ತೋಳು ಮಾತ್ರ ಹೊಸ ಮಾದರಿಗೆ ತಿದ್ದಿಸಿದ್ದು.

ಆಂಬ್ರೋಸ್‌ಗೆ ಕುಣಿಯಲು ಕಲಿಸಿದವಳು ನಾನೇ. ಅವನಿಗೆ ಹದಿನೈದು ಇರುವಾಗ, ಅವರ ದನದ ಕೊಟ್ಟಿಗೆಯಲ್ಲಿ. ಈಗಲೂ ಎಡಕ್ಕೆ ಹೋಗು ಎಂದರೆ ಬಲಕ್ಕೆ ಹೋಗುತ್ತಾನೆ. ಎರಡು ಸಾಲು ಎದುರುಬದುರು ನಿಂತೆವು. ಪಿಟೀಲು ಶುರುವಾಯಿತು. ಕೈ ಹಿಡಿದ.

ಸಾವಿರ ಸಲ ಹಿಡಿದಿದ್ದಾನೆ. ಬೇಲಿ ದಾಟಿಸುವಾಗ, ಹೊಳೆಯಿಂದ ಎಳೆಯುವಾಗ, ಅಮ್ಮನನ್ನು ಮಣ್ಣು ಮಾಡಿದ ದಿನ ಪೂರ್ತಿ. ನಿನ್ನೆ ಕೈಗವುಸಿನ ಮೇಲಿಂದ ಹಿಡಿದದ್ದಕ್ಕೆ ಹೆಜ್ಜೆ ತಪ್ಪಿತು. ನನಗೆ! ಕಲಿಸಿದವಳಿಗೆ!

"ಏನಾಯ್ತೇ?"

"ನಿನ್ನ ಕಾಲು ಅಡ್ಡ ಬಂತು."

"ನನ್ನ ಕಾಲು ಇಲ್ಲೇ ಇದೆ. ಈ ಸಲ ಎಡಕ್ಕೇ ಹೋಗಿದೀನಿ, ನೋಡು."

ವಾಪಸು ಬರುವಾಗ ಗಾಡಿಯಲ್ಲಿ ಹವಾಮಾನದ ಬಗ್ಗೆ ಮಾತಾಡಿದೆವು. ಆಂಬ್ರೋಸ್ ಜೊತೆ ಹವಾಮಾನ! ಪರಿಚಯ ಇಲ್ಲದವರು ಆಡುವ ಮಾತು.

ಪಾಲ್ಗ್ರೇವ್ ಕಾಗದ ಮತ್ತೆ ತೆಗೆದು ಓದಿದೆ. ಕೆಳಗಿನ ಕೋಣೆಯ ಸಾಲು. ಒಳ್ಳೆಯ ಸಾಲೇ. ಕಣ್ಣಲ್ಲಿ ನೀರು ಯಾಕೆ ಬರಬೇಕು?

ಮೇ 15, ಶನಿವಾರ

ಮುಗಿಯಿತು. ಭಯಪಟ್ಟದ್ದೆಲ್ಲ ಸುಳ್ಳು.

ಆರ್ಚ್‌ಡೀಕನ್ ಹನ್ನೊಂದಕ್ಕೆ ಬಂದರು. ದಪ್ಪನೆಯ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು. ಹಿಂದೆಯೇ ಗ್ರಿಗ್, ಮುಖದ ತುಂಬ ಗಾಂಭೀರ್ಯ. ಅಪ್ಪನಿಗೆ ಏನೇನು ಹೇಳಬೇಕು, ಯಾವ ಕುರ್ಚಿ ಎಲ್ಲಿದೆ, ಎಲ್ಲ ಬಾಯಿಪಾಠ ಮಾಡಿಸಿದ್ದೆ. ಅವರು ಕುಳಿತ ಮೊದಲ ನಿಮಿಷಕ್ಕೇ ಅಪ್ಪ ಎದ್ದು ನಿಂತರು.

"ಸ್ವಾಮಿ, ತಾವು ಬೇರೆ ಏನು ಕೇಳೋ ಮೊದಲೇ ಹೇಳಿಬಿಡ್ತೀನಿ. ನನಗೆ ಕಣ್ಣು ಕಾಣೋದಿಲ್ಲ. ಒಂದು ವರ್ಷ ಆಯ್ತು. ಓದೋ ಹಾಗೆ ನಟಿಸಿದೀನಿ. ಹೋದ ಭಾನುವಾರ ಒಂದು ಸುಳ್ಳೂ ಹೇಳಿದೀನಿ." ಕೂಗಿನ ಕಥೆಯೆಲ್ಲ ಹೇಳಿಬಿಟ್ಟರು.

ಆರ್ಚ್‌ಡೀಕನ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಒಂದು ವರ್ಷದ ಪ್ರವಚನ ಎಲ್ಲಾ ಬಾಯಿಪಾಠವೇ? ನನಗೆ ಎರಡೂ ಕಣ್ಣಿದ್ದು, ಬರೆದಿಟ್ಟದ್ದನ್ನ ಓದೋದಕ್ಕೇ ತಡವರಿಸ್ತೀನಲ್ಲ, ಫೆನ್ನವರೇ!" ಎಂದರು.

ಪಾದ್ರಿಯನ್ನು ಕಣ್ಣು ಹೋಯಿತೆಂದು ಯಾರೂ ಮನೆಯಿಂದ ಎಬ್ಬಿಸುವ ಹಾಗಿಲ್ಲವಂತೆ. ಬದುಕಿರುವವರೆಗೂ ಮನೆ ಅಪ್ಪನದೇ. ಓದುವ ಕೆಲಸಕ್ಕೆ, ದಾಖಲೆ ಬರೆಯುವುದಕ್ಕೆ ಶರತ್ಕಾಲದೊಳಗೆ ಒಬ್ಬ ಕಿರಿಯ ಪಾದ್ರಿಯನ್ನು ಕಳಿಸುತ್ತಾರಂತೆ. ಪ್ರವಚನ ಅಪ್ಪನೇ ಮಾಡಬೇಕಂತೆ. ಸುಳ್ಳಿಗೆ ಏನು ಶಿಕ್ಷೆ ಎಂದು ಅಪ್ಪ ಕೇಳಿದರು. "ಊಟಕ್ಕೆ ಏನು ಮಾಡಿಸಿದೀರಿ?" ಎಂದರು ಅವರು. ಗ್ರಿಗ್ ಸೂಪು ಕುಡಿದು ಬೇಗ ಹೊರಟ.

ವರ್ಷದಿಂದ ಹೊತ್ತಿದ್ದ ಮೂಟೆ ಇಳಿಯಿತು. ಅಪ್ಪ ಮೂರು ತುಂಡು ಕುರಿಮಾಂಸ ತಿಂದರು.

ಸಂಜೆ ಬೇಲಿಯ ಹತ್ತಿರ ಆಂಬ್ರೋಸ್‌ಗೆ ಎಲ್ಲ ಹೇಳಿದೆ. ಬಹಳ ಸಂತೋಷಪಟ್ಟ. ನಿಜವಾಗಿ. ಆಮೇಲೆ ನಾನೇ, "ಅಲ್ಲಿಗೆ ನಿನಗೂ ಬಿಡುಗಡೆ. ನಾಳೆ ನಮ್ಮ ಹೆಸರು ಕೂಗೋದು ಬೇಕಾಗಿಲ್ಲ" ಎಂದೆ.

"ಓ. ಹೌದಲ್ಲ."

"ಜಗಳಾನೂ ಬೇಕಾಗಿಲ್ಲ."

"ಒಳ್ಳೇದೇ ಆಯ್ತು" ಎಂದ. "ಪಾಲ್ಗ್ರೇವ್‌ಗೆ ಬರೆದೆಯಾ?"

"ನಾಳೆ ಬರೀತೀನಿ."

ತಲೆಯಾಡಿಸಿ ಹೊರಟ. ಬೇಲಿಯ ಮೇಲೆ ಇಟ್ಟ ಟೋಪಿ ಅಲ್ಲೇ ಇತ್ತು. ಕೂಗಿದೆ, ತಿರುಗಲಿಲ್ಲ.

ಎಲ್ಲ ಸರಿಹೋಯಿತು. ಮನೆ ಉಳಿಯಿತು, ಅಪ್ಪನ ಮಾನ ಉಳಿಯಿತು. ಕುಣಿಯಬೇಕು ನಾನು. ಟೋಪಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೇನೆ, ಪೆದ್ದಿಯ ಹಾಗೆ.

ಮೇ 16, ಭಾನುವಾರ

ಇದನ್ನು ನಿಧಾನವಾಗಿ ಬರೆಯಬೇಕು. ಆದರೆ ಕೈ ಕೇಳುತ್ತಿಲ್ಲ.

ಬೆಳಿಗ್ಗೆ ಎಂಟಕ್ಕೆ ಸೂಸನ್ ಪೈಕ್ ಬಂದಳು. ಮದುವೆಗೆ ಹೂ ಕೇಳಲು. ಬೇಕಾದಷ್ಟು ಕೊಯ್ದುಕೋ ಎಂದೆ. ಮೊದಲ ಭಾನುವಾರ ನಿನ್ನ ಹೆಸರು ತಪ್ಪಿಹೋಯಿತು, ಬೇಜಾರು ಮಾಡಿಕೊಳ್ಳಬೇಡ ಎಂದೆ.

"ಅವತ್ತು ಎದ್ದು ಕಿರುಚೇಬಿಡ್ತಿದ್ದೆ ಮಿಸ್" ಎಂದಳು. "ಅರ್ಧ ಎದ್ದೂ ಆಗಿತ್ತು. ಮುಂದಿನ ಬೆಂಚಲ್ಲಿ ಮಿಸ್ಟರ್ ಥೋರ್ಲಿ ಕೂತಿದ್ರು ನೋಡಿ, ತಿರುಗಿ ನನ್ನ ತೋಳು ಹಿಡಕೊಂಡ್ರು. 'ದಮ್ಮಯ್ಯ ಸೂಸನ್, ಒಂದೇ ನಿಮಿಷ ಸುಮ್ನಿರು, ನಂಗೆ ಇದು ಪೂರ್ತಿ ಕೇಳ್ಬೇಕು' ಅಂದ್ರು. ಅವರ ಮುಖ ನೋಡಿ ನಂಗೆ ಅಳು ನಿಂತೇ ಹೋಯ್ತು."

ಪೂರ್ತಿ ಕೇಳಬೇಕು.

ಅಪ್ಪ ಇನ್ನೂ ವಾಕ್ಯ ಮುಗಿಸಿರಲಿಲ್ಲ. ಗ್ರಿಗ್, ತಪಾಸಣೆ, ಮನೆ — ಇದೆಲ್ಲ ಯೋಚಿಸಲು ಆಂಬ್ರೋಸ್‌ಗೆ ಪುರುಸೊತ್ತೇ ಇರಲಿಲ್ಲ ಆಗ. ಅಷ್ಟೇ ಅಲ್ಲ. ನಾನೂ ಎದ್ದಿರಲಿಲ್ಲವಲ್ಲ? ಅಪ್ಪನಿಗೋಸ್ಕರ ಎಂದು ಮೇಲೆ ಬರೆದಿದ್ದೇನೆ. ಗ್ರಿಗ್ ಕಡೆ ನಾನು ನೋಡಿದ್ದು ಆಮೇಲೆ. ಮೊದಲು ನೋಡಿದ್ದು ಹಿಂದೆ, ಸೂಸನ್ ಕಡೆ ತಿರುಗಿದ್ದ ಆಂಬ್ರೋಸ್‌ನ ಬೆನ್ನನ್ನು.

ಸೂಸನ್ ಇನ್ನೂ ಹೂ ಆರಿಸುತ್ತಿದ್ದಳು. ಗಂಟೆ ಬಾರಿಸಲು ಶುರುವಾಯಿತು.

ರಾತ್ರಿ ಇಲ್ಲೇ ಉಳಿದಿದ್ದ ಆರ್ಚ್‌ಡೀಕನ್ ಮೊದಲ ಬೆಂಚಿನಲ್ಲಿ. ಆಂಬ್ರೋಸ್ ತನ್ನ ಜಾಗದಲ್ಲಿ, ಸರಿಯಾಗಿ ನಿದ್ದೆ ಮಾಡದ ಮುಖ. ಅಪ್ಪ ಪುಸ್ತಕ ಮುಚ್ಚಿಯೇ ಇಟ್ಟರು. ತಮಗೆ ಕಾಣುವುದಿಲ್ಲ ಎಂದು ಎಲ್ಲರಿಗೂ ಹೇಳಿದರು. ಯಾರೋ ಅತ್ತರು. ಬಹುಶಃ ಮಿಸೆಸ್ ಟಕ್. ಆಮೇಲೆ ಜೋಸೆಫ್ ಮತ್ತು ಸೂಸನ್ ಹೆಸರು ಕೂಗಿದರು. ಎರಡನೆಯ ಕೂಗು. ಅಲ್ಲಿಗೆ ನಿಲ್ಲಿಸಿದರು. ನಿಲ್ಲಿಸಲು ಹೇಳಿದ್ದವಳು ನಾನೇ.

ಎದ್ದುಬಿಟ್ಟೆ.

"ಅಪ್ಪ, ಎರಡು ಹೆಸರು ಬಿಟ್ಟಿರಿ."

ನನ್ನ ದನಿ ಅಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ. ಚರ್ಚಿಗೆ ಚರ್ಚೇ ತಿರುಗಿತು. ಆಂಬ್ರೋಸ್ ಎದ್ದು ನಿಂತ. ಬಾಯಿ ತೆರೆದವನು ಮುಚ್ಚಲಿಲ್ಲ.

ಅಪ್ಪ ನನ್ನ ದನಿಯ ದಿಕ್ಕಿಗೆ ತಲೆ ವಾಲಿಸಿದರು. "ಇದು ತಪ್ಪಿ ಬಂದದ್ದಲ್ಲ ತಾನೇ ಮಗಳೇ?"

"ಅಲ್ಲಪ್ಪ. ನಾನೇ ಕೇಳ್ತಿರೋದು."

"ಮಿಸ್ಟರ್ ಥೋರ್ಲಿ ಅವರ ಆಕ್ಷೇಪಣೆ ಏನಾದರೂ ಇದೆಯೇ?"

ನಾನು ಕಣ್ಣು ಮುಚ್ಚಿದೆ. ಇದೆ ಎಂದುಬಿಟ್ಟರೆ? ಊರು ಬಿಡಬೇಕು. ಬ್ರಿಸ್ಟಲ್‌ಗೂ ಹೋಗುವ ಮುಖ ಇರುವುದಿಲ್ಲ.

"ಇಲ್ಲ ಸ್ವಾಮಿ" ಎಂದ ಆಂಬ್ರೋಸ್. "ಇಪ್ಪತ್ತು ವರ್ಷದಿಂದ ಇಲ್ಲ."

ಆರ್ಚ್‌ಡೀಕನ್‌ಗೆ ಕೆಮ್ಮು ಬಂತು. ಅದು ಕೆಮ್ಮಲ್ಲ. ಅಪ್ಪ ಕೂಗಿದರು — ಮೂರನೆಯ ಕೂಗು — ಹೊರಗಿನ ಮೇಕೆಗೂ ಕೇಳುವ ಹಾಗೆ.

ಆಮೇಲೆ, ತೋಟದ ದಾರಿಯಲ್ಲಿ. ಸೇಬಿನ ಮರಗಳೆಲ್ಲ ಹೂಬಿಟ್ಟಿವೆ.

"ಮೊದಲೇ ಯಾಕೆ ಹೇಳಲಿಲ್ಲ, ಹೇಡಿ?" ಎಂದೆ.

"ಹೇಳಿದ್ರೆ ನೀನು ನಗ್ತಿದ್ದೆ. ನಕ್ಕ ಮೇಲೆ ಅಡುಗೆಮನೆಗೆ ಹೆಂಗೆ ಬರೋದು? ಚಹಾ ಹೋದ್ರೂ ಪರವಾಗಿಲ್ಲ, ಆ ಕುರ್ಚಿ ಹೋಗ್ಬಾರ್ದು ಅಂತ ಸುಮ್ನಿದ್ದೆ."

"ನಿನ್ನೆ ಟೋಪಿ ಬಿಟ್ಟು ಹೋದೆ."

"ಬಿಡುಗಡೆ ಅಂದ್ಯಲ್ಲ, ಅದಕ್ಕೆ. ಮನೆಗೆ ಹೋದ್ಮೇಲೆ ತಲೇನೂ ಅಲ್ಲೇ ಬಿಟ್ಟು ಬಂದಿದೀನಿ ಅನ್ನಿಸ್ತು."

ನಕ್ಕೆ. ಅವನು ನಗಲಿಲ್ಲ. ಕೈಗವುಸು ತೆಗೆದ, ನನ್ನದನ್ನೂ ತೆಗೆದ, ನಿಧಾನವಾಗಿ, ಒಂದೊಂದು ಬೆರಳು. ಆಮೇಲೆ ಮುತ್ತಿಟ್ಟ. ಮೊದಲನೆಯದು ಮೂಗಿಗೆ ಬಿತ್ತು. ಎಡಕ್ಕೆ ಹೋಗು ಎಂದೆ. ಬಲಕ್ಕೆ ಬಂದ. ಎರಡನೆಯದು ಸರಿಯಾಯಿತು.

ಮೇ 17, ಸೋಮವಾರ

ಪಾಲ್ಗ್ರೇವ್ ಅವರಿಗೆ ಬರೆದೆ. ನಾಲ್ಕು ಹಾಳೆ ಹರಿದು ಐದನೆಯದರಲ್ಲಿ ಇದ್ದದ್ದು ಇದ್ದ ಹಾಗೆ. ಅಷ್ಟು ಒಳ್ಳೆಯವರನ್ನು ನೋಯಿಸುತ್ತಿದ್ದೇನೆ.

ಮೇ 22, ಶನಿವಾರ

ಉತ್ತರ ಬಂತು! ಓದಿ ಓದಿ ಅಪ್ಪನಿಗೂ ಓದಿ ಹೇಳಿ ಇಬ್ಬರೂ ನಕ್ಕೆವು.

'ನಿಮ್ಮ ಕಾಗದ ಓದಿ ನನಗಾದ ನೆಮ್ಮದಿಯನ್ನು ತಪ್ಪು ತಿಳಿಯಬಾರದು' ಎಂದು ಶುರು. ಮಕ್ಕಳಿಗೆ ಪಾಠ ಹೇಳುವ ಮಿಸ್ ಓರ್ಮ್ ಎನ್ನುವವರು, ಇವರು ನನಗೆ ಬರೆದಿದ್ದಾರೆಂದು ತಿಳಿದು ಒಂದು ವಾರ ಮಾತು ಬಿಟ್ಟರಂತೆ. ಆ ಒಂದು ವಾರದಲ್ಲಿ ತಮ್ಮ ಮನಸ್ಸು ಎಲ್ಲಿದೆ ಎಂದು ಇವರಿಗೆ ಗೊತ್ತಾಯಿತಂತೆ. ನನಗೆ ಕೊಟ್ಟ ಮಾತು ಹೇಗೆ ಹಿಂತೆಗೆಯುವುದೆಂದು ನಿದ್ದೆಗೆಟ್ಟಿದ್ದರಂತೆ ಪಾಪ. ಜುಲೈನಲ್ಲಿ ಮದುವೆ. ನಾಲ್ಕೂ ಮಕ್ಕಳು ಕುಣಿಯುತ್ತಿವೆಯಂತೆ. ನಾನು ಮಲತಾಯಿ ಆಗುವುದು ತಪ್ಪಿದ್ದಕ್ಕೆ ಎಂದ ಆಂಬ್ರೋಸ್.

ಜೂನ್ 8, ಮಂಗಳವಾರ. ಬೆಳಿಗ್ಗೆ ಏಳು

ಹತ್ತಕ್ಕೆ ಮದುವೆ. ಅಪ್ಪನೇ ಮಾಡಿಸುವುದು, ಬಾಯಿಪಾಠ. ಈಗಷ್ಟೇ ಬಾಗಿಲ ಹತ್ತಿರ ಬಂದು ನಿಂತಿದ್ದರು.

"ಹೇಗೆ ಕಾಣ್ತಿದೀಯ ಹೇಳು ಟ್ಯಾಬಿ."

"ಬಿಳಿ ಬಟ್ಟೆ. ಕೂದಲಿಗೆ ಹೂ. ಮೂಗು ಕೆಂಪಗಿದೆ."

"ನಿಮ್ಮಮ್ಮನದೂ ಕೆಂಪಗಿತ್ತು" ಎಂದರು. ನನ್ನ ಮುಖ ತಡವಿ ನೋಡಿದರು. "ಹೆದರಿಕೆ ಇದೆಯೇನು?"

ಹುಡುಕಿ ನೋಡಿದೆ. ಇರಲಿಲ್ಲ. ಇಷ್ಟು ವರ್ಷ ಯಾವುದಾದರೊಂದು ಹೆದರಿಕೆ ಇದ್ದೇ ಇರುತ್ತಿತ್ತು. ಇವತ್ತು ಹಸಿವು ಮಾತ್ರ ಇದೆ.

ಜೂನ್ 10, ಗುರುವಾರ

ಹೊಸ ಮನೆ, ಹೊಸ ಮೇಜು. ಒಂದು ಕಾಲು ಗಿಡ್ಡ, ಶಾಯಿ ಅಲುಗಾಡುತ್ತದೆ. ಕಿಟಕಿಯಿಂದ ಅಪ್ಪ ಕಾಣುತ್ತಾರೆ, ಮಿಸೆಸ್ ಟಕ್‌ಳ ತೋಳು ಹಿಡಿದು ತೋಟದಲ್ಲಿ ಓಡಾಡುತ್ತಿದ್ದಾರೆ. ಅವಳು ಏನೋ ಬೈಯುತ್ತಿದ್ದಾಳೆ, ಅವರು ನಗುತ್ತಿದ್ದಾರೆ.

ಆಂಬ್ರೋಸ್ ನಾನು ಇಪ್ಪತ್ತು ವರ್ಷ ನೋಡಿದ ಮನುಷ್ಯ. ಇನ್ನೇನು ಗೊತ್ತಾಗಲು ಬಾಕಿ ಎಂದುಕೊಂಡಿದ್ದೆ. ಎರಡು ದಿನಕ್ಕೆ ಏಳು ಹೊಸ ಸಂಗತಿ. ಕ್ಷೌರ ಮಾಡಿಕೊಳ್ಳುವಾಗ ಹಾಡುತ್ತಾನೆ, ಬಹಳ ಕೆಟ್ಟದಾಗಿ. ನಿದ್ದೆಯಲ್ಲಿ ನಾಯಿಯ ಜೊತೆ ಮಾತಾಡುತ್ತಾನೆ. ಮೂರನೆಯದು ಬರೆಯುವ ಹಾಗಿಲ್ಲ. ನಾಲ್ಕನೆಯದಂತೂ...

ಹಾಡು ನಿಂತಿತು. ಬರುತ್ತಿದ್ದಾನೆ. ಅರ್ಧ ಮುಖಕ್ಕೆ ಸೋಪು ಹಾಗೇ ಇದೆ, ಏನು ಬರೀತಿದೀಯ ತೋರ್ಸು ಎನ್ನುತ್ತಾನೆ, ತೋರಿಸುವುದಿಲ್ಲ, ಆಂಬ್ರೋಸ್, ಶಾಯಿ ಚೆಲ್ಲುತ್ತೆ ಕಣೋ, ಬಿ